ಐವತ್ತು ಗಂಟೆಗೊಮ್ಮೆ ಎಣ್ಣೆ

ನೀರು ಸರಬರಾಜು ಕಚೇರಿಯ ಸ್ಟೋರ್ ಕೀಪರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟು ಬೇರೆ ಯಾವ ದಿನವೂ ಯಾರ ಬಾಯಿಗೂ ಬರುತ್ತಿರಲಿಲ್ಲ. ಎಲ್ಲರಿಗೂ ಅವರು ಗೊತ್ತಪ್ಪ. ಯಾರು ಏನು ಹೇಳಲು ಹೊರಟರೂ ಅರ್ಧ ಮಾತಿಗೇ "ಗೊತ್ತು, ಗೊತ್ತು" ಎಂದು ತಲೆಯಾಡಿಸುವುದು ಅವರ ಅಭ್ಯಾಸ. ಹಾಗೆಂದು ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಗೊತ್ತಿಲ್ಲ ಎಂದರೆ ಎದುರಿನವರು ಮೊದಲಿನಿಂದ ಹೇಳಬೇಕಾಗುತ್ತದಲ್ಲ, ಪಾಪ, ಎಂಬ ದಾಕ್ಷಿಣ್ಯ, ಅಷ್ಟೇ. ಈ ದಾಕ್ಷಿಣ್ಯದ ದೆಸೆಯಿಂದ ಅವರು ಒಮ್ಮೆ ಹಲ್ಲಿನ ವೈದ್ಯರ ಬಳಿ ನೋವಿಲ್ಲದ ಹಲ್ಲು ಕೀಳಿಸಿಕೊಂಡು ಬಂದದ್ದೂ ಉಂಟು.

ಊರಿನ ಹಿಂದೆ ಒಂದು ಗುಡ್ಡ. ಗುಡ್ಡದ ನೆತ್ತಿಯಲ್ಲಿ ಊರಿಗೆಲ್ಲ ನೀರು ಕೊಡುವ ಪುಟ್ಟ ಜಲಾಶಯ. ಅದಕ್ಕೊಂದು ಮಣ್ಣಿನ ಏರಿ, ಏರಿಗೊಂದು ತೂಬು. ಮಳೆ ಹೆಚ್ಚಾದಾಗ ಚಕ್ರ ತಿರುಗಿಸಿ ತೂಬು ಎತ್ತಿದರೆ ಹೆಚ್ಚುವರಿ ನೀರು ಗುಡ್ಡದ ಆಚೆ ಮಗ್ಗುಲಿನ ಹಳ್ಳಕ್ಕೆ ಇಳಿದುಹೋಗುತ್ತಿತ್ತು. ಎತ್ತದಿದ್ದರೆ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಏಕೆಂದರೆ ಏರಿಯ ನೇರ ಕೆಳಗೆ ಕಚೇರಿಯವರ ವಸತಿಗೃಹಗಳ ಸಾಲು ಇತ್ತು. ಸಾಲಿನ ನಟ್ಟನಡುವಿನ ಮನೆ ಗೊತ್ತಪ್ಪನವರದು. ಮೇಲೆ ತೂಬಿನ ಪಕ್ಕದ ಕೋಣೆಯಲ್ಲಿ ಕಾವಲಿಗಿದ್ದವನು ಅವರ ಹೆಂಡತಿಯ ಒಬ್ಬನೇ ತಮ್ಮ.

ಗುಡ್ಡದ ದಾರಿ ಜೀಪಿಗೆ ಬಗ್ಗುವಂಥದ್ದಲ್ಲ. ಅದಕ್ಕೆಂದೇ ಕೇಂದ್ರ ಕಚೇರಿಯವರು ಎಲ್ಲಿ ಬೇಕಾದರೂ ಹತ್ತಿ ಇಳಿಯುವ ಒಂದು ಹೊಸ ಗಾಡಿ ಕಳಿಸಿಕೊಟ್ಟರು. ನಾಲ್ಕು ದಪ್ಪ ಗಾಲಿ, ಕುದುರೆಯ ಮೇಲೆ ಕೂತಂತೆ ಕಾಲು ಚಾಚಿ ಕೂರುವ ಸೀಟು, ಬೈಕಿಗಿದ್ದಂಥ ಹ್ಯಾಂಡಲ್ಲು, ಹಿಂದೆ ಸಾಮಾನು ಕಟ್ಟಲು ಕಂಬಿ. ನೋಡಿದ ಕೂಡಲೇ ಊರು ಅದಕ್ಕೆ ದಪ್ಪಗಾಲಿ ಎಂದು ಹೆಸರಿಟ್ಟಿತು.

ಗಾಡಿ ತಂದು ಇಳಿಸಿದ ಕಂಪನಿಯವನಿಗೆ ಬಸ್ಸು ಹಿಡಿಯುವ ಆತುರ. ಇಂಜಿನಿಯರ್ ಸಾಹೇಬರು ಸಿಬ್ಬಂದಿಯನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಗಾಡಿಯ ಆರೈಕೆ ಯಾರಿಗೆ ಗೊತ್ತು ಎಂದು ಕೇಳಿದರು. ಬಾಯಿಯ ಅಭ್ಯಾಸ ಎಲ್ಲಿ ಬಿಡುತ್ತದೆ. ಗೊತ್ತಪ್ಪನವರು ಗೊತ್ತು ಎಂದುಬಿಟ್ಟರು.

ಕಂಪನಿಯವನು ಒಂದೇ ಉಸಿರಿಗೆ ಒದರಿದ. "ಆಯಿಲ್ ಮೊದಲನೇ ಸಲ ಇಪ್ಪತ್ತು ಗಂಟೆಗೆ ಬದಲಾಯಿಸಿ. ಆಮೇಲೆ ನೂರು ಗಂಟೆಗೊಮ್ಮೆ. ನಿಮ್ಮದು ಗುಡ್ಡ, ಧೂಳು, ಕೆಸರು, ಆದ್ದರಿಂದ ಐವತ್ತಕ್ಕೇ ಬದಲಾಯಿಸಿದ್ರೆ ಇಂಜಿನ್ ಚೆನ್ನಾಗಿರುತ್ತೆ. ಗಂಟೆ ಹೇಗೆ ನೋಡೋದು ಅಂದ್ರೆ—"

"ಗೊತ್ತು, ಗೊತ್ತು," ಎಂದರು ಗೊತ್ತಪ್ಪನವರು. ಗಂಟೆ ನೋಡುವುದನ್ನು ಅವರು ಒಂದನೇ ಕ್ಲಾಸಿನಲ್ಲೇ ಕಲಿತಿದ್ದರು. ಕಂಪನಿಯವನು ಬಸ್ಸಿಗೆ ಓಡಿದ.

ಮರುದಿನ ಬೆಳಗ್ಗೆ ಗೋಡೆಯ ಗಡಿಯಾರ ನೋಡಿಕೊಂಡು, ಗಾಡಿ ಬಂದು ಸರಿಯಾಗಿ ಇಪ್ಪತ್ತು ಗಂಟೆಯಾಗುತ್ತಿದ್ದಂತೆ, ಗೊತ್ತಪ್ಪನವರು ಅದರ ಹೊಟ್ಟೆಯ ಕೆಳಗಿನ ಬಿರಡೆ ಬಿಚ್ಚಿ ಎಣ್ಣೆ ಇಳಿಸಿದರು. ಗಾಡಿ ಇಳಿಸಿದ ಜಾಗದಿಂದ ಒಂದು ಗೇಣೂ ಕದಲಿರಲಿಲ್ಲ. ಇಳಿದ ಎಣ್ಣೆ ಜೇನುತುಪ್ಪದಂತೆ ಹೊಳೆಯುತ್ತಿತ್ತು. ತಮ್ಮ ಆರೈಕೆಯ ಫಲ ಇಷ್ಟು ಬೇಗ ಕಣ್ಣಿಗೆ ಕಂಡದ್ದಕ್ಕೆ ಅವರಿಗೆ ಸಮಾಧಾನವಾಯಿತು. ಒಂದೇ ಒಂದು ಕೊರತೆ ಎಂದರೆ ಹ್ಯಾಂಡಲ್ಲಿನ ನಡುವೆ ಕೂರಿಸಿದ್ದ ಗಡಿಯಾರ. ಅದು ಯಾವಾಗ ನೋಡಿದರೂ ಸೊನ್ನೆಯ ಆಸುಪಾಸಿನಲ್ಲೇ ನಿಂತಿರುತ್ತಿತ್ತು. ಹೊಸ ಗಾಡಿಯ ಗಡಿಯಾರವೇ ಕೆಟ್ಟಿದೆ ಸಾರ್ ಎಂದು ಅವರು ಸಾಹೇಬರಿಗೆ ದೂರು ಹೇಳಿದರು. ಗುಡ್ಡ ಹತ್ತುವವರಿಗೆ ಟೈಮ್ ಯಾತಕ್ಕೆ ಬಿಡ್ರೀ ಎಂದರು ಸಾಹೇಬರು. ತಪ್ಪು ಹೊತ್ತು ತೋರಿಸುವ ಗಡಿಯಾರ ಕಂಡರೆ ಗೊತ್ತಪ್ಪನವರಿಗೆ ಮೈ ಉರಿಯುತ್ತಿತ್ತು. ಗಾಯಕ್ಕೆ ಹಚ್ಚುವ ಪಟ್ಟಿಯೊಂದನ್ನು ತಂದು ಅದರ ಮುಖಕ್ಕೆ ಅಂಟಿಸಿದರು.

ಅಲ್ಲಿಂದ ಶುರುವಾಯಿತು ಐವತ್ತು ಗಂಟೆಯ ವ್ರತ. ಐವತ್ತು ಗಂಟೆಯೆಂದರೆ ಎರಡು ದಿನದ ಮೇಲೆ ಎರಡು ಗಂಟೆ. ಹಾಗಾಗಿ ಎಣ್ಣೆಯ ಹೊತ್ತು ಪ್ರತಿ ಸಲವೂ ಮುಂದೆ ಮುಂದೆ ಜರುಗುತ್ತಿತ್ತು. ಈ ಸಲ ಬೆಳಗಿನ ಕಾಫಿಗೆ ಬಿದ್ದರೆ ಇನ್ನೊಂದು ಸಲ ಊಟದ ಹೊತ್ತಿಗೆ, ಮತ್ತೊಂದು ಸಲ ಸಾಹೇಬರ ಮೀಟಿಂಗಿನ ನಡುವೆ. ರಾತ್ರಿ ಬೀಳುವಂತಿದ್ದರೆ ಸಂಜೆಯೇ ಮುಗಿಸಿಬಿಡುತ್ತಿದ್ದರು, ಇಂಜಿನ್ನಿಗೆ ಒಂದು ಗಳಿಗೆಯೂ ತಡವಾಗಬಾರದು ಎಂಬ ಕಾಳಜಿಯಿಂದ. ಗಾಡಿ ಕೇಳಿಕೊಂಡು ಬಂದವರಿಗೆ ಉತ್ತರ ಸಿದ್ಧವಿರುತ್ತಿತ್ತು. ಒಂದೋ ಈಗಷ್ಟೇ ಹೊಸ ಎಣ್ಣೆ ಹಾಕಿದೆ, ಕೂತುಕೊಳ್ಳಲಿ. ಇಲ್ಲವೇ ಇನ್ನೇನು ಬದಲಾಯಿಸುವ ಹೊತ್ತು, ಈಗ ಹೊರಗೆ ಬಿಟ್ಟರೆ ಹೇಗೆ. ಅಂಗಳದಲ್ಲಿ ಎಂದಾದರೊಮ್ಮೆ ಎರಡು ಸುತ್ತು ಹೊಡೆಸುವುದು ಬಿಟ್ಟರೆ ದಪ್ಪಗಾಲಿ ಶೆಡ್ಡು ಬಿಡಲಿಲ್ಲ. ಗುಡ್ಡದ ಮೇಲಿನ ಭಾವಮೈದುನ ಮೊದಲಿನಂತೆಯೇ ವಾರಕ್ಕೊಮ್ಮೆ ನಡೆದು ಬಂದು ಅಕ್ಕಿ ಬೇಳೆ ಹೊತ್ತುಕೊಂಡು ಹೋಗುತ್ತಿದ್ದ.

ಇಳಿಸಿದ ಎಣ್ಣೆಯನ್ನು ಚೆಲ್ಲಲು ಗೊತ್ತಪ್ಪನವರಿಗೆ ಮನಸ್ಸು ಬರಲಿಲ್ಲ. ಡಬ್ಬಿಗೆ ತುಂಬಿ ಸ್ಟೋರಿನ ಗೋಡೆಯುದ್ದಕ್ಕೂ ಜೋಡಿಸುತ್ತ ಹೋದರು. ಯಾರಾದರೂ ದೊಡ್ಡವರು ಕಚೇರಿಗೆ ಬಂದರೆ ಸಾಹೇಬರು ಅವರನ್ನು ಸ್ಟೋರಿಗೆ ಕರೆತಂದು ಒಂದು ಡಬ್ಬಿ ತೆರೆಸಿ ತೋರಿಸುತ್ತಿದ್ದರು. ಹಳೆ ಎಣ್ಣೆಯೇ ಇಷ್ಟು ಶುದ್ಧವಾಗಿದ್ದರೆ ಇಂಜಿನ್ ಹೇಗಿರಬೇಡ, ನೀವೇ ಹೇಳಿ, ಎನ್ನುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಭಾಷೆಯಲ್ಲಿ ಎಣ್ಣೆ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ, ಅದು ಬಾಟಲಿಯಲ್ಲಿ ಬರುತ್ತದೆ. ನಾದಿನಿಯ ಮಗಳ ಹುಟ್ಟುಹಬ್ಬದ ಊಟಕ್ಕೆ ಕೂತಿದ್ದಾಗ ಗೊತ್ತಪ್ಪನವರು ಕೈಗಡಿಯಾರ ನೋಡಿ, "ಎಣ್ಣೆ ಹೊತ್ತಾಯ್ತು, ಇನ್ನು ತಡೆಯೋಕಾಗಲ್ಲ," ಎಂದು ಅರ್ಧ ತಟ್ಟೆ ಬಿಟ್ಟು ಎದ್ದರು. ಪಕ್ಕದಲ್ಲಿ ಕೂತಿದ್ದವರು ಅವರದೇ ಸಾಲಿನ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದ ಟೈಲರ್. ಟೈಲರ್ ಬಾಯಿಗೆ ಬಿದ್ದ ಮಾತು ಹೊಲಿಗೆಗೆ ಬಂದ ಬಟ್ಟೆಯ ಜೊತೆ ಊರೆಲ್ಲ ಸುತ್ತಿತು. ಎರಡು ದಿನಕ್ಕೊಮ್ಮೆ ಬೇಕೇ ಬೇಕಂತೆ. ಶೆಡ್ಡಿನಲ್ಲೇ ಅಂತೆ. ಹೊರಗೆ ಬಂದಾಗ ಕೈ ಒರೆಸಿಕೊಳ್ಳುತ್ತಾರಂತೆ. ಅವರ ಹೆಂಡತಿ ನಲ್ಲಿಯ ಹತ್ತಿರ ಹೋದರೆ ಉಳಿದ ಹೆಂಗಸರು ಮಾತು ನಿಲ್ಲಿಸಿ ಅವರ ಕೊಡವನ್ನು ಮುಂದೆ ಇಡಿಸುತ್ತಿದ್ದರು. ಇಷ್ಟು ಮರ್ಯಾದೆ ಯಾತಕ್ಕೆಂದು ಆಕೆಗೆ ಅರ್ಥವಾದ ದಿನ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದರು.

ಗಂಡನನ್ನು ಎದುರಿಗೆ ಕೂರಿಸಿಕೊಂಡು ಆಕೆ ಒಂದೇ ಮಾತು ಕೇಳಿದರು. "ರೀ, ಆ ಗಾಡಿ ಓಡೋದನ್ನ ನಾನೊಂದು ದಿನಾನೂ ನೋಡಿಲ್ಲ. ಓಡದೇ ಇರೋ ಗಾಡಿಗೆ ಎಣ್ಣೆ ಯಾಕ್ರೀ?"

ಇಂಜಿನ್ನಿನ ವಿಷಯ ಹೆಂಗಸರಿಗೆ ಹೇಳಿದರೆ ತಿಳಿಯುವುದಿಲ್ಲ ಎಂದರು ಗೊತ್ತಪ್ಪನವರು. ಆ ದಿನದ ಸಾರಿಗೆ ಉಪ್ಪಿರಲಿಲ್ಲ.

ಅತ್ತ ಕೇಂದ್ರ ಕಚೇರಿಯಲ್ಲಿ ಉಗ್ರಾಣದ ಮೇಲಧಿಕಾರಿಗೆ ತಲೆ ಕೆಟ್ಟಿತ್ತು. ಒಂದು ಸಣ್ಣ ಗಾಡಿ ಹತ್ತು ಲಾರಿಗಳಷ್ಟು ಎಣ್ಣೆ ಕುಡಿಯುತ್ತಿತ್ತು. ಜೊತೆಗೆ ಅಲ್ಲಿನ ಸ್ಟೋರ್ ಕೀಪರ್ ಎಣ್ಣೆ ವ್ಯಾಪಾರ ಮಾಡುತ್ತಾನೆಂದೂ, ಬಂದ ಹಣದಲ್ಲಿ ಇನ್ನೊಂದು ಬಗೆಯ ಎಣ್ಣೆ ಹಾಕುತ್ತಾನೆಂದೂ ಸುದ್ದಿ ಬಂದಿತ್ತು. ಹಿಂದೆ ಯಂತ್ರಗಳ ವಿಭಾಗದಲ್ಲಿದ್ದ, ನಗುವುದನ್ನು ಮರೆತಿದ್ದ ಒಬ್ಬ ತನಿಖಾಧಿಕಾರಿಯನ್ನು ಅವರು ಹೊರಡಿಸಿದರು.

ಅಧಿಕಾರಿ ಬಂದಿಳಿದಾಗ ಎರಡು ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆ ಮತ್ತೂ ಜೋರಾಗಿತ್ತು. ಕಚೇರಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇಷ್ಟು ದಿನ ಡಬ್ಬಿ ತೆರೆದು ತೋರಿಸುತ್ತಿದ್ದ ಸಾಹೇಬರು, ಸ್ಟೋರಿನ ವಿಷಯ ತಮಗೆ ಅಷ್ಟಾಗಿ ತಿಳಿಯದು ಎಂದು ಎರಡು ಸಲ ಹೇಳಿಕೊಂಡರು. ವಸತಿಗೃಹದ ಸಾಲಿನಲ್ಲಿ ಟೈಲರು ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಪೊಲೀಸ್ ಜೀಪು ಬರುವುದನ್ನು ಕಾಯುತ್ತಿದ್ದರು.

ಅಧಿಕಾರಿ ಶೆಡ್ಡಿಗೆ ಬಂದಾಗ ಗೊತ್ತಪ್ಪನವರು ದಪ್ಪಗಾಲಿಯ ಕೆಳಗೆ ಮಲಗಿದ್ದರು. ಐವತ್ತು ಗಂಟೆ ಆಗಷ್ಟೇ ತುಂಬಿತ್ತು. ತನಿಖೆಯೆಂದು ಇಂಜಿನ್ನನ್ನು ಕಾಯಿಸಲಾದೀತೇ. ಎಣ್ಣೆಯೆಲ್ಲ ಬಾಣಲೆಗೆ ಇಳಿದಿತ್ತು.

"ಈ ಗಾಡಿ ಇಲ್ಲಿಯವರೆಗೆ ಎಷ್ಟು ಓಡಿದೆ?" ಎಂದು ಅಧಿಕಾರಿ ಕೇಳಿದರು.

"ಓಡಿಲ್ಲ ಸಾರ್," ಎಂದರು ಗೊತ್ತಪ್ಪನವರು, ಕೆಳಗಿನಿಂದಲೇ. "ಓಡಿಸೋಕೆ ಪುರುಸೊತ್ತೆಲ್ಲಿದೆ. ಎಣ್ಣೆ ಬದಲಾಯಿಸೋದೇ ಆಗ್ತಿದೆ."

ಅಧಿಕಾರಿ ಗಾಡಿಯ ಕೆಳಗಿಂದ ಚಾಚಿದ್ದ ಕಾಲುಗಳನ್ನು ನೋಡಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಥರಾವರಿ ಕಳ್ಳರನ್ನು ಕಂಡಿದ್ದರು, ಇಂಥ ಉತ್ತರ ಕೊಟ್ಟವನನ್ನು ಕಂಡಿರಲಿಲ್ಲ. ಇವನು ಭಾರೀ ಪಾಕಡ ಎಂದು ಅವರಿಗೆ ಖಾತ್ರಿಯಾಯಿತು. ಡಬ್ಬಿಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳಬೇಕು ಎಂದು ಸಾಹೇಬರಿಗೆ ಹೇಳುತ್ತಿರುವಾಗ ಫೋನ್ ಬಡಿದುಕೊಂಡಿತು.

ಗುಡ್ಡದ ಮೇಲಿನಿಂದ. ಭಾವಮೈದುನನ ದನಿ ಮಳೆಯ ಸದ್ದಿನಲ್ಲಿ ಮುಳುಗಿ ಮುಳುಗಿ ಏಳುತ್ತಿತ್ತು. ನೀರು ಏರಿಯ ಅಂಚಿಗೆ ಬಂದಿದೆ. ತೂಬಿನ ಚಕ್ರ ಕಚ್ಚಿಕೊಂಡಿದೆ, ಒಬ್ಬನ ಕೈಯಲ್ಲಿ ಅಲುಗುತ್ತಿಲ್ಲ. ಏರಿಯ ನಡುವೆ ಒಂದು ಕಡೆ ಮಣ್ಣು ಜಿನುಗಲು ಶುರುವಾಗಿದೆ. ಜನ ಬೇಕು, ಈಗಲೇ ಬೇಕು. ಅಷ್ಟು ಹೇಳುವುದರೊಳಗೆ ಫೋನ್ ಸತ್ತಿತು.

ನಡೆದು ಹತ್ತಿದರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರ ಕಣ್ಣೂ ದಪ್ಪಗಾಲಿಯ ಮೇಲೆ ಬಿತ್ತು. ಅದು ಹೊಟ್ಟೆ ಬಿಚ್ಚಿಸಿಕೊಂಡು ನಿಂತಿತ್ತು.

ಗೊತ್ತಪ್ಪನವರು ಬಿರಡೆ ಹಾಕಲು ಹೋದರು. ಹೊಸ ಕಷ್ಟ ಶುರುವಾಯಿತು. ಇಷ್ಟು ತಿಂಗಳು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಬಿರಡೆಯ ತಿರುಪು ಸವೆದು ನುಣ್ಣಗಾಗಿತ್ತು. ತಿರುಗಿಸಿದಷ್ಟೂ ತಿರುಗುತ್ತಿತ್ತು, ಬಿಗಿಯಾಗುತ್ತಿರಲಿಲ್ಲ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸುತ್ತಿ ಸುತ್ತಿ ಹೇಗೋ ಕೂರಿಸಿದರು. ಎಣ್ಣೆ ಹೊಯ್ದರು. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಹನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಬಂದವು.

ಯಾರು ಓಡಿಸುವುದು ಎಂಬ ಪ್ರಶ್ನೆ ಬಂತು. ಬೇರೆ ಯಾರಿಗೂ ಅದನ್ನು ಮುಟ್ಟಲು ಬಿಟ್ಟಿರಲಿಲ್ಲವಲ್ಲ. ಅಂಗಳದಲ್ಲಿ ಸುತ್ತು ಹೊಡೆದದ್ದೇ ಗೊತ್ತಪ್ಪನವರ ಅನುಭವ. ಅವರೇ ಹತ್ತಿ ಕೂತರು. ಅಧಿಕಾರಿ ಒಂದು ಗಳಿಗೆ ಯೋಚಿಸಿ, ಮುಟ್ಟುಗೋಲಿನ ಡಬ್ಬಿಗಳಲ್ಲಿ ಕಂಬಿಗೆ ಹಿಡಿಸುವಷ್ಟನ್ನು ಹಗ್ಗದಿಂದ ಬಿಗಿದು, ಒಂದು ಹಾರೆ ಹಿಡಿದು ಹಿಂದೆ ಕೂತರು. ಇವನನ್ನು ಕಣ್ಣೆದುರಿನಿಂದ ಬಿಡಬಾರದು ಎಂಬುದು ಅವರ ಲೆಕ್ಕ.

ವಸತಿಗೃಹದ ಮುಂದೆ ಹಾಯುವಾಗ ಹೆಂಡತಿ ಬಾಗಿಲಲ್ಲಿದ್ದರು. ಗೊತ್ತಪ್ಪನವರು ವೇಗ ತಗ್ಗಿಸಲಿಲ್ಲ, ಕೂಗಿ ಹೇಳಿದರು. "ಎಲ್ಲರನ್ನೂ ಹೊರಡಿಸು. ಸಾಲು ಖಾಲಿ ಮಾಡ್ಸು. ಶಾಲೆಗೆ ಹೋಗಿ."

ಆಕೆ ಏಕೆ ಎಂದು ಕೇಳಲಿಲ್ಲ. ಗಾಡಿ ತಿರುವು ದಾಟುವ ಮೊದಲೇ ಪಕ್ಕದ ಮನೆಯ ಬಾಗಿಲು ಬಡಿಯುವ ಸದ್ದು ಕೇಳಿಸಿತು.

ದಾರಿಯೆಂಬುದು ಉಳಿದಿರಲಿಲ್ಲ. ಕೆಂಪು ನೀರು ಮೇಲಿನಿಂದ ಹರಿದು ಬರುತ್ತಿತ್ತು, ಅದರೊಳಗೆ ಕಲ್ಲುಗಳು ಉರುಳುತ್ತಿದ್ದವು. ದಪ್ಪಗಾಲಿ ಮುಕ್ಕರಿದು ಹತ್ತುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ನಿನ ದನಿ ಗಂಟಲು ಕಟ್ಟಿದಂತಾಯಿತು. ಅಧಿಕಾರಿ ನಿಲ್ಲಿಸಿ ಎಂದರು, ಇಳಿದು ಕೆಸರಿನಲ್ಲಿ ಮಂಡಿಯೂರಿ ಒಂದು ಡಬ್ಬಿ ಹೊಯ್ದರು. ಮತ್ತೆ ಹೊರಟರು. ಮತ್ತೆ ಗಂಟಲು ಕಟ್ಟಿತು, ಮತ್ತೆ ಡಬ್ಬಿ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಳ್ಳತನ ಹಿಡಿಯಲು ಬಂದಿದ್ದ ಮನುಷ್ಯ ಮೊಣಕೈವರೆಗೆ ಎಣ್ಣೆಯಾಗಿ, ಸಾಕ್ಷಿಯನ್ನು ತಾವೇ ಒಂದೊಂದಾಗಿ ಖರ್ಚು ಮಾಡುತ್ತಿದ್ದರು.

ಮೂರನೆಯ ಸಲ ನಿಂತಾಗ ಮಳೆಗೆ ನೆನೆದ ಪಟ್ಟಿ ಹ್ಯಾಂಡಲ್ಲಿನಿಂದ ಜಾರಿ ಬಿತ್ತು. ಅಧಿಕಾರಿ ಬಗ್ಗಿ ನೋಡಿದರು.

"ಇದಕ್ಕೆ ಯಾಕ್ರೀ ಪಟ್ಟಿ ಹಾಕಿದ್ರಿ?"

"ಕೆಟ್ಟ ಗಡಿಯಾರ ಸಾರ್. ನಿಂತುಬಿಟ್ಟಿತ್ತು. ಇವತ್ತು ಯಾಕೋ ಓಡ್ತಿದೆ."

ಅಧಿಕಾರಿಯ ಕೈಯಲ್ಲಿದ್ದ ಡಬ್ಬಿ ಹಾಗೇ ನಿಂತಿತು. ಎಲ್ಲವೂ ಅವರಿಗೆ ಒಮ್ಮೆಲೇ ಹೊಳೆಯಿತು. ಅವರು ಸಿಟ್ಟು ಮಾಡಲಿಲ್ಲ, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು.

"ಅದು ಗಡಿಯಾರ ಅಲ್ಲ. ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಮೀಟರು. ಐವತ್ತು ಗಂಟೆ ಅಂದ್ರೆ ಇದರಲ್ಲಿ ಐವತ್ತು. ನಿಮ್ಮ ಗೋಡೆ ಮೇಲಿರೋದರಲ್ಲಿ ಅಲ್ಲ. ಓಡದೇ ನಿಂತಿರೋ ಗಾಡಿಗೆ ವರ್ಷಕ್ಕೊಂದು ಸಲ ಬದಲಾಯಿಸಿದ್ರೆ ಸಾಕು."

ಗೊತ್ತಪ್ಪನವರು ಮೀಟರ್ ನೋಡಿದರು. ಅದರಲ್ಲಿ ಇನ್ನೂ ಐದು ದಾಟಿರಲಿಲ್ಲ. ಅವರು ಕಣ್ಣು ಕತ್ತಲೆ ಬಂದವರಂತೆ ಹ್ಯಾಂಡಲ್ಲನ್ನೂ ಅದರ ಬ್ರೇಕನ್ನೂ ಬಿಟ್ಟರು. ಬಿಟ್ಟ ಕೂಡಲೇ ಗಾಡಿ ಹಿಂದಕ್ಕೆ ಜಾರತೊಡಗಿತು. ಹಿಂದೆ ದಾರಿಯ ಅಂಚು, ಅಂಚಿನಾಚೆ ಬರೀ ಮಳೆ. ಅಧಿಕಾರಿ ಹಾರಿ ಮುಂದಿನ ಕಂಬಿ ಹಿಡಿದು ಜಗ್ಗಿದರು. ಗೊತ್ತಪ್ಪನವರು ಎಚ್ಚೆತ್ತು ಬ್ರೇಕು ಒತ್ತಿದರು. ಹಿಂದಿನ ಗಾಲಿ ಅಂಚಿನ ಕಲ್ಲಿಗೆ ತಾಗಿ ನಿಂತಿತು.

"ನಾಚಿಕೆ ಪಡೋದೆಲ್ಲ ನಾಳೆ ಇಟ್ಕೊಳ್ಳಿ," ಎಂದರು ಅಧಿಕಾರಿ. "ಈಗ ಹೊಡೀರಿ."

ನೆತ್ತಿ ತಲುಪಿದಾಗ ಭಾವಮೈದುನ ತೂಬಿನ ಚಕ್ರಕ್ಕೆ ಜೋತುಬಿದ್ದಿದ್ದ. ಅಂಗೈ ಸುಲಿದು ರಕ್ತ ಬರುತ್ತಿತ್ತು. ಜಲಾಶಯ ತುಂಬಿ, ಅಲೆ ಎದ್ದಾಗ ಏರಿಯ ಅಂಚನ್ನು ನೀರು ನೆಕ್ಕಿ ಹೋಗುತ್ತಿತ್ತು. ಮೂವರೂ ಹಾರೆ ಕೊಟ್ಟು ಮೀಟಿದರು. ಚಕ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ತೂಬನ್ನು ಎತ್ತುವ ಉದ್ದನೆಯ ತಿರುಪುಗಂಬ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು.

ಇದಕ್ಕೆ ಎಣ್ಣೆ ಹಾಕಿ ಎಷ್ಟು ದಿನವಾಯಿತು ಎಂದು ಅಧಿಕಾರಿ ಕೇಳಿದರು. ಭಾವಮೈದುನ ಅವರತ್ತ ನೋಡಲಿಲ್ಲ, ಅಕ್ಕನ ಗಂಡನನ್ನು ನೋಡಿದ. "ಬಂದಾಗಲೆಲ್ಲ ಕೇಳ್ತಿದ್ದೆ ಭಾವ. ಒಂದು ಡಬ್ಬಿ ಕೊಡಿ ಅಂತ. ಇರೋದೆಲ್ಲ ಗಾಡಿಗೇ ಬೇಕು ಅಂದ್ರಿ."

ಗೊತ್ತಪ್ಪನವರು ಹಾರೆ ಕೆಳಗಿಟ್ಟರು. ಗಾಡಿಯ ಬಳಿ ಹೋಗಿ ಉಳಿದಿದ್ದ ಡಬ್ಬಿಗಳನ್ನೆಲ್ಲ ತಬ್ಬಿಕೊಂಡು ತಂದರು. ತೂಬಿನ ಕಟ್ಟೆ ಹತ್ತಿ, ಕೆಳಗೆ ಕಪ್ಪು ನೀರು ಸುಳಿ ತಿರುಗುತ್ತಿರುವಾಗ ಒಂದು ಕೈಯಲ್ಲಿ ಕಂಬ ಅಪ್ಪಿ ಹಿಡಿದು ಇನ್ನೊಂದು ಕೈಯಿಂದ ಎಣ್ಣೆ ಹೊಯ್ದರು. ತಿರುಪಿನ ಒಂದೊಂದು ಸುತ್ತಿಗೂ ಬೆರಳಿಂದ ತೀಡಿದರು. ಆ ಜಾಗದಿಂದ ಜಾರಿದ್ದರೆ ಈ ಕಥೆ ಬೇರೆಯವರು ಬೇರೆ ಥರ ಹೇಳಬೇಕಾಗುತ್ತಿತ್ತು. ಕೊನೆಯ ಡಬ್ಬಿಯನ್ನೂ ಹೊಯ್ದು, ಎಣ್ಣೆ ಇಳಿಯಲೆಂದು ಮೂವರೂ ಕಾದರು. ಏರಿಯ ನಡುವೆ ಜಿನುಗುತ್ತಿದ್ದ ಜಾಗದಿಂದ ಹೆಬ್ಬೆರಳು ಗಾತ್ರದ ನೀರು ಚಿಮ್ಮಲು ಶುರುವಾಯಿತು. ಅದು ಹರಿದು ಹೋಗುತ್ತಿದ್ದ ದಿಕ್ಕಿನಲ್ಲಿ, ತುಂಬ ಕೆಳಗೆ, ವಸತಿಗೃಹದ ಹೆಂಚುಗಳು ಕಾಣುತ್ತಿದ್ದವು.

ಅಧಿಕಾರಿ ಹೂಂ ಎಂದರು. ಮೂವರೂ ಮತ್ತೆ ಹಾರೆ ಕೊಟ್ಟು ಮೀಟಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಮೀಟಿದರು. ಚಕ್ರ ಒಂದು ಸಲ ಕಿರ್ ಎಂದಿತು, ಮುದುಕರು ಕೂತಲ್ಲಿಂದ ಏಳುವಾಗ ನರಳುವ ಹಾಗೆ. ಆಮೇಲೆ ಕಾಲು ಸುತ್ತು. ಅರ್ಧ ಸುತ್ತು. ಗುಡ್ಡದ ಆಚೆ ಮಗ್ಗುಲಿನಲ್ಲಿ ನೀರು ಭೋರೆಂದು ಹಳ್ಳಕ್ಕೆ ಧುಮುಕಿದ ಸದ್ದು ಕೇಳಿದಾಗ ಭಾವಮೈದುನ ಕೆಸರಿನಲ್ಲೇ ಕುಸಿದು ಕೂತ. ಮೂವರೂ ಸೇರಿ ಕಾವಲು ಕೋಣೆಯಲ್ಲಿದ್ದ ಮರಳಿನ ಚೀಲ ಒಟ್ಟಿ, ನೀರು ಚಿಮ್ಮುತ್ತಿದ್ದ ಬಿರುಕು ಮುಚ್ಚಿದರು. ನೀರು ಒಂದು ಮೊಳ ಇಳಿಯುವವರೆಗೆ ಯಾರೂ ಅಲ್ಲಿಂದ ಕದಲಲಿಲ್ಲ.

ಇಳಿಯಲು ಗಾಡಿಗೆ ಹೊಯ್ಯೋಣವೆಂದರೆ ಒಂದು ಹನಿ ಎಣ್ಣೆ ಉಳಿದಿರಲಿಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು ನಡೆದರು. ಶಾಲೆಯ ಜಗುಲಿಯಲ್ಲಿ ಸಾಲಿನವರೆಲ್ಲ ಚಾಪೆ ಪಾತ್ರೆಗಳೊಂದಿಗೆ ಕೂತಿದ್ದರು. ಟೈಲರು ಹೊಲಿಗೆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಬಂದ ಮೂವರಲ್ಲಿ ಯಾರು ಯಾರೆಂದು ಎಣ್ಣೆ ಕೆಸರಿನಲ್ಲಿ ಗುರುತು ಸಿಗುವಂತಿರಲಿಲ್ಲ. ಗೊತ್ತಪ್ಪನವರ ಹೆಂಡತಿ ಮೊದಲು ತಮ್ಮನ ಅಂಗೈ ಹಿಡಿದು ನೋಡಿದರು, ಸೆರಗು ಹರಿದು ಕಟ್ಟಿದರು. ಆಮೇಲೆ ಗಂಡನ ಹತ್ತಿರ ಬಂದು ಮುಖ ಒರೆಸಿದರು. ಅವರು ಏನೋ ಹೇಳಲು ಹೊರಟಾಗ, ಮೊದಲು ಕಾಫಿ ಕುಡೀರಿ ಎಂದು ಲೋಟ ಕೈಗಿಟ್ಟರು.

ಕಳ್ಳತನ ನಡೆದಿಲ್ಲ ಎಂದು ಅಧಿಕಾರಿ ಕೇಂದ್ರ ಕಚೇರಿಗೆ ತಿಳಿಸಿದರು. ನಡೆದದ್ದನ್ನೆಲ್ಲ ವಿವರವಾಗಿಯೇ ಹೇಳಿದರು. ಆದರೆ ದೊಡ್ಡ ಕಚೇರಿಗಳಲ್ಲಿ ಮಾತು ಮೇಲೆ ಹತ್ತುತ್ತ ಹತ್ತುತ್ತ ತೆಳ್ಳಗಾಗುತ್ತದೆ. ಎಲ್ಲರಿಗಿಂತ ಹಿರಿಯ ಅಧಿಕಾರಿಯ ಕಿವಿಗೆ ತಲುಪುವಾಗ ಉಳಿದದ್ದು ಇಷ್ಟೇ: ಐವತ್ತು ಗಂಟೆಗೊಮ್ಮೆ ಎಣ್ಣೆ ಬದಲಾಯಿಸುವ ಒಬ್ಬ ಸ್ಟೋರ್ ಕೀಪರ್ ಊರು ಉಳಿಸಿದ್ದಾನೆ. ಅವರು ಸಂತೋಷಪಟ್ಟು, ಇಂಥದೇ ಗಾಡಿಯಿದ್ದ ಗುಡ್ಡಗಾಡಿನ ಎಲ್ಲ ಕಚೇರಿಗಳ ಸ್ಟೋರ್ ಕೀಪರುಗಳನ್ನೂ ಕರೆಸಿ ಗೊತ್ತಪ್ಪನವರಿಂದ ಒಂದು ಉಪನ್ಯಾಸ ಇಡಿಸಿದರು.

ಏರಿಯ ಮೇಲೆ ಹೆದರದಷ್ಟು ಗೊತ್ತಪ್ಪನವರು ಆ ವೇದಿಕೆಯ ಮೇಲೆ ಹೆದರಿದರು. ಪಕ್ಕದಲ್ಲಿ ಹಿರಿಯ ಅಧಿಕಾರಿ, ಎದುರಿಗೆ ತುಂಬಿದ ಸಭೆ. ಹೊಗಳಿಕೆ ಕೇಳಿಸಿಕೊಂಡು ಸುಮ್ಮನೆ ಇಳಿದು ಬಂದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಭಾವಮೈದುನನ ಅಂಗೈ ಇನ್ನೂ ಪೂರ್ತಿ ಮಾಗಿರಲಿಲ್ಲ. ಅವರು ಮೈಕು ಹಿಡಿದು, ಗೋಡೆಯ ಗಡಿಯಾರದಿಂದ ಹಿಡಿದು ತುಕ್ಕು ಹಿಡಿದ ತಿರುಪಿನವರೆಗೆ ಒಂದನ್ನೂ ಮುಚ್ಚಿಡದೆ ಹೇಳಿಬಿಟ್ಟರು. ಲೆಕ್ಕ ಇಡಬೇಕಾದದ್ದು ಇಂಜಿನ್ ಓಡಿದ ಗಂಟೆಯನ್ನು ಎಂದರು. ಹೇಳಿ ಮುಗಿಸಿ, ನಗುವಿಗಾಗಿ ತಲೆ ತಗ್ಗಿಸಿ ಕಾದರು.

ಯಾರೂ ನಗಲಿಲ್ಲ. ಮುಂದಿನ ಸಾಲಿನ ಕನ್ನಡಕದವರೊಬ್ಬರು ಕೈಯೆತ್ತಿ, ಹಾಗಾದರೆ ಗಾಡಿ ನಿಂತಿರುವ ಹೊತ್ತು ಲೆಕ್ಕಕ್ಕೆ ಬರುವುದಿಲ್ಲವೇ ಎಂದು ಕೇಳಿದರು. ಬರುವುದಿಲ್ಲ ಎಂದರು ಗೊತ್ತಪ್ಪನವರು. ಕನ್ನಡಕದವರು ನಿಧಾನವಾಗಿ ಕೂತರು. ಹಿಂದಿನ ಸಾಲಿನಿಂದ ಒಬ್ಬರು ಸದ್ದಾಗದಂತೆ ಎದ್ದು ಹೊರಗೆ ಹೋದರು. ಬಾಗಿಲಾಚೆಯಿಂದ, ಬಿರಡೆ ಬಿಚ್ಚಬೇಡಿ, ಬಿಚ್ಚಿದ್ದರೆ ಮತ್ತೆ ಆ ಎಣ್ಣೆಯನ್ನೇ ಹೊಯ್ಯಿರಿ, ಎಂದು ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು. ಅವರ ಹಿಂದೆ ಇನ್ನಿಬ್ಬರು ಎದ್ದರು. ಆಮೇಲೆ ಒಂದು ಸಾಲೇ ಎದ್ದಿತು.

ಗೊತ್ತಪ್ಪನವರು ಬೆರಗಾಗಿ ನೋಡುತ್ತ ನಿಂತಿದ್ದಾಗ ಪಕ್ಕದ ಕುರ್ಚಿಯಿಂದ ಯಾರೋ ಅವರ ತೋಳು ಜಗ್ಗಿದರು. ಹಿರಿಯ ಅಧಿಕಾರಿ ಮೈಕಿಗೆ ಕೈ ಅಡ್ಡ ಹಿಡಿದು, ಅವರ ಕಿವಿಯ ಹತ್ತಿರ ಬಗ್ಗಿ, ಮನೆಯ ಜನರೇಟರಿಗೂ ಇದೇ ಲೆಕ್ಕವೇ ಎಂದು ಕೇಳಿದರು.